ನುಡಿಸಿದ್ದು ಎಷ್ಟು ಉಳಿಯುತ್ತದೆ? ಗಣಿ ಊರಿನ ವೇದಿಕೆಗಳಿಂದ ವರ್ಕ್‌ಸ್ಟೇಷನ್ ಕೀಬೋರ್ಡುಗಳ ಸಮೀಕ್ಷೆ

ರಾಬರ್ಟ್‌ಸನ್‌ಪೇಟೆ, ಆಂಡರ್‌ಸನ್‌ಪೇಟೆ, ಮಾರಿಕುಪ್ಪಂ, ಬಂಗಾರಪೇಟೆ, ಅಂದರೆ ಕೋಲಾರದ ಚಿನ್ನದ ಗಣಿ ಸುತ್ತಿನಲ್ಲಿ ಆರ್ಕೆಸ್ಟ್ರಾ ಕಟ್ಟುವವರಿಗೆ ಒಂದು ಭಾಷೆಯ ಹಾಡು ಸಾಲದು. ಆರತಕ್ಷತೆಯ ವೇದಿಕೆಯಲ್ಲಿ ಕನ್ನಡದ ಹಾಡು ಮುಗಿಯುವಷ್ಟರಲ್ಲಿ ತಮಿಳಿನದಕ್ಕೆ ಚೀಟಿ ಬಂದಿರುತ್ತದೆ. ಅದರ ಹಿಂದೆ ತೆಲುಗು, ನಡುವೆ ಯಾರೋ ಹಿರಿಯರಿಗಾಗಿ ಹಳೆಯ ಹಿಂದಿ. ಇಪ್ಪತ್ತು ವಾದ್ಯಗಾರರು ಸ್ಟುಡಿಯೋದಲ್ಲಿ ಕೂತು ನುಡಿಸಿದ ಸಂಗೀತವನ್ನು ಇಲ್ಲಿ ಐದಾರು ಜನ ಎತ್ತಬೇಕು. ಪಿಟೀಲಿನ ಗುಂಪು, ಬಾಸ್, ಕೊಳಲು, ಬ್ರಾಸ್, ಕೆಲವೊಮ್ಮೆ ನಾದಸ್ವರವೂ ಕೀಬೋರ್ಡ್ ನುಡಿಸುವವರ ಪಾಲಿಗೇ ಬರುತ್ತದೆ. ಎರಡು ಕೈಗೆ ಇಷ್ಟೆಲ್ಲ ಆಗುವುದಿಲ್ಲ. ಹಾಗಾಗಿ ಮೊದಲೇ ನುಡಿಸಿಟ್ಟುಕೊಳ್ಳುವ ಸೀಕ್ವೆನ್ಸರ್ ಬೇಕಾಯಿತು.

ಯಾವ ಕೀಬೋರ್ಡಿನ ಸೀಕ್ವೆನ್ಸರ್ ಸುಲಭ ಎಂಬ ಚರ್ಚೆ ಮೂವತ್ತೈದು ವರ್ಷಕ್ಕಿಂತ ಹಳೆಯದು. ಪರದೆ ಎಷ್ಟು ದೊಡ್ಡದು, ಮೆನು ಎಷ್ಟು ಆಳ, ಗುಂಡಿ ಎಷ್ಟು ಎಂದು ಅಳೆಯುವುದು ರೂಢಿ. ನಮ್ಮ ಕಡೆಯ ವೇದಿಕೆಗಳನ್ನು ನೋಡಿದರೆ ನನಗೆ ಬೇರೆಯೇ ಅಳತೆಗೋಲು ಸರಿ ಅನ್ನಿಸುತ್ತದೆ. ಬೆರಳು ನುಡಿಸಿದ್ದು ಕರೆಂಟು ಹೋಗಿ ಬಂದ ಮೇಲೂ, ಇನ್ನೊಂದು ಊರಿನ ಇನ್ನೊಂದು ಕೀಬೋರ್ಡಿನ ಮೇಲೂ ಹಾಗೇ ಸಿಗಬೇಕು. ಅದಕ್ಕೆ ಎಷ್ಟು ಹೆಜ್ಜೆ ನಡೆಯಬೇಕು ಎನ್ನುವುದನ್ನು ಮೊದಲು ನೋಡಬೇಕು. ರೆಕಾರ್ಡ್ ಮಾಡುವುದು ಎಲ್ಲ ಕಂಪನಿಗಳ ಯಂತ್ರದಲ್ಲೂ ಒಂದಲ್ಲ ಒಂದು ದಿನ ಕೈಗೆ ಹತ್ತುತ್ತದೆ. ಉಳಿಸುವ ಕ್ರಮ ಕೆಟ್ಟದಾಗಿದ್ದರೆ ಎಷ್ಟು ಅಭ್ಯಾಸ ಮಾಡಿದರೂ ಅದು ಒಳ್ಳೆಯದಾಗುವುದಿಲ್ಲ.

ಸೀಕ್ವೆನ್ಸರ್ ಶಬ್ದವನ್ನು ಹಿಡಿದಿಡುವುದಿಲ್ಲ. ಬೆರಳು ಯಾವ ಕೀಯನ್ನು, ಯಾವ ಕ್ಷಣದಲ್ಲಿ, ಎಷ್ಟು ಬಲದಿಂದ ಒತ್ತಿತು, ಯಾವಾಗ ಬಿಟ್ಟಿತು ಎಂಬ ಸೂಚನೆಗಳನ್ನಷ್ಟೇ ಬರೆದುಕೊಳ್ಳುತ್ತದೆ. 1983ರಲ್ಲಿ ಬಂದ ಮಿಡಿ ಎಂಬ ಒಪ್ಪಂದ ಈ ಸೂಚನೆಗಳಿಗೆ ಎಲ್ಲ ಕಂಪನಿಗಳಿಗೂ ಹೊಂದುವ ಒಂದು ರೂಪ ಕೊಟ್ಟಿತು. 1986ರ ಎನ್ಸೋನಿಕ್ ಇಎಸ್‌ಕ್ಯೂ-1 ಎಂಟು ಟ್ರ್ಯಾಕ್‌ನ ಸೀಕ್ವೆನ್ಸರನ್ನು ಸಿಂಥಸೈಜರಿನ ಹೊಟ್ಟೆಯೊಳಗೇ ಇಟ್ಟಿತು. 1988ರ ಕಾರ್ಗ್ ಎಂ1 ಅದಕ್ಕೆ ಡ್ರಮ್ಸ್, ಎಫೆಕ್ಟ್ ಎಲ್ಲವನ್ನೂ ಸೇರಿಸಿತು. ವರ್ಕ್‌ಸ್ಟೇಷನ್ ಎಂದರೆ ಹೀಗಿರಬೇಕು ಎಂಬ ಮಾದರಿ ಅಲ್ಲಿಗೆ ನಿಂತಿತು.

ಎಂ1ರಲ್ಲಿ ಉಳಿಸುವ ಪ್ರಶ್ನೆ ಹೆಚ್ಚು ಕಾಡುತ್ತಿರಲಿಲ್ಲ. ಒಳಗಿನ ನೆನಪನ್ನು ಒಂದು ಸಣ್ಣ ಬಿಲ್ಲೆ ಬ್ಯಾಟರಿ ಕಾಯುತ್ತಿತ್ತು. ಸ್ವಿಚ್ ಆರಿಸಿದರೂ ಹಾಡು ಇರುತ್ತಿತ್ತು. ಆದರೆ ಜಾಗ ಕಡಿಮೆ. ಹತ್ತು ಹಾಡಿನ ಸ್ಥಾನಗಳಿದ್ದರೂ ಎಲ್ಲ ಸೇರಿ 4,400 ಸ್ವರಗಳು, ಟೋನ್‌ಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿಕೊಂಡರೆ 7,700. ಒಂದು ಸಿನಿಮಾ ಹಾಡಿನ ಡ್ರಮ್ಸ್ ಟ್ರ್ಯಾಕ್ ಒಂದೇ ಸಾವಿರ ಸ್ವರ ದಾಟಬಲ್ಲದು. ಮೂರ್ನಾಲ್ಕು ಹಾಡಿಗೆ ತುಂಬಿಹೋಗುವ ಪೆಟ್ಟಿಗೆ ಇಟ್ಟುಕೊಂಡು ಚೀಟಿಗೆ ಉತ್ತರ ಕೊಡುವುದು ಹೇಗೆ?

ಮುಂದಿನ ತಲೆಮಾರು ಜಾಗದ ಸಮಸ್ಯೆಯನ್ನು ಬಿಡಿಸಿತು, ಭದ್ರತೆಯನ್ನು ಕಳೆಯಿತು. 1996ರ ರೋಲೆಂಡ್ ಎಕ್ಸ್‌ಪಿ-80, 1998ರ ಎಕ್ಸ್‌ಪಿ-60, 1995ರ ಕಾರ್ಗ್ ಟ್ರಿನಿಟಿ, 1999ರ ಟ್ರೈಟನ್, 2001ರ ಯಮಹಾ ಮೋಟಿಫ್ ಎಲ್ಲವೂ ದೊಡ್ಡ ಸೀಕ್ವೆನ್ಸರುಗಳು. ಟ್ರೈಟನ್ನಿನಲ್ಲಿ ಎರಡು ಲಕ್ಷ ಸ್ವರ ಹಿಡಿಯುತ್ತಿತ್ತು. ಆದರೆ ಹಾಡು ಕೂತಿರುವುದು ಕರೆಂಟು ಇರುವವರೆಗೆ ಮಾತ್ರ ಇರುವ ನೆನಪಿನಲ್ಲಿ. ಫ್ಲಾಪಿಗೋ ಕಾರ್ಡಿಗೋ ಬರೆಯದೆ ಸ್ವಿಚ್ ಆರಿಸಿದರೆ ಸಂಜೆಯಿಂದ ಕೂತು ಕಟ್ಟಿದ್ದೆಲ್ಲ ಹೋಯಿತು.

ಗಣಿ ಪ್ರದೇಶಕ್ಕೆ ಕರೆಂಟು ಹೊಸದಲ್ಲ. 1902ರಲ್ಲೇ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಇಲ್ಲಿನ ಗಣಿಗಳಿಗೆ ವಿದ್ಯುತ್ ಕೊಟ್ಟರು. ಬೆಂಗಳೂರಿನ ಬೀದಿಗಳಿಗೆ ಅದು ಬಂದದ್ದು 1905ರಲ್ಲಿ. ಆದರೆ ಜಾತ್ರೆಯ ಬಯಲಿಗೂ ಗಣೇಶನ ಪೆಂಡಾಲಿಗೂ ವಿದ್ಯುತ್ ಬರುವುದು ತಾತ್ಕಾಲಿಕ ತಂತಿಯಲ್ಲಿ ಇಲ್ಲವೇ ಬಾಡಿಗೆ ಜನರೇಟರಿನಿಂದ. ಲೈನಿನಿಂದ ಜನರೇಟರಿಗೆ ಬದಲಾಯಿಸುವ ಆ ಎರಡು ಸೆಕೆಂಡಿನಲ್ಲಿ ದೀಪ ಮಿಣುಕುತ್ತದೆ, ಮೈಕು ಒಮ್ಮೆ ಗುಡುಗುತ್ತದೆ, ಕೀಬೋರ್ಡ್ ಮೊದಲಿನಿಂದ ಶುರುವಾಗುತ್ತದೆ. ಹಾಡುಗಾರ ಸಭಿಕರೊಡನೆ ಮಾತಾಡುತ್ತ ಸಮಯ ತುಂಬಿಸುತ್ತಾನೆ. ಅಷ್ಟರಲ್ಲಿ ಫ್ಲಾಪಿಯಿಂದ ಹಾಡುಗಳನ್ನು ಮತ್ತೆ ಒಳಗೆ ತುಂಬಬೇಕು.

ಎಕ್ಸ್‌ಪಿ-80 ಈ ಕಷ್ಟವನ್ನು ಒಂದು ಒಳ್ಳೆಯ ಉಪಾಯದಿಂದ ಹಗುರ ಮಾಡಿತ್ತು. ಹಾಡನ್ನು ಒಳಗಿನ ನೆನಪಿಗೆ ತಾರದೆ ಫ್ಲಾಪಿಯಿಂದಲೇ ನೇರವಾಗಿ ನುಡಿಸುವ ಕ್ವಿಕ್ ಪ್ಲೇ ಅದರಲ್ಲಿತ್ತು. ಸಾಲಾಗಿ ಜೋಡಿಸಿ ನುಡಿಸುವುದಕ್ಕೆ ಚೈನ್ ಪ್ಲೇ ಇತ್ತು. ಪರದೆ ಟ್ರೈಟನ್ನಿನ ಟಚ್ ಸ್ಕ್ರೀನಿನಷ್ಟು ಚೆಂದ ಇರಲಿಲ್ಲ, ನಿಜ. ಆದರೂ ವೇದಿಕೆಯ ಮೇಲೆ ಎಕ್ಸ್‌ಪಿಯನ್ನೇ ಸುಲಭ ಎಂದು ನಾನು ಎಣಿಸುತ್ತೇನೆ. ಮನೆಯಲ್ಲಿ ಕೂತು ಹಾಡು ಕಟ್ಟುವುದಕ್ಕೆ ಟ್ರೈಟನ್ ಸುಲಭ, ಸಾವಿರ ಜನರ ಮುಂದೆ ಅದನ್ನು ತೆಗೆದು ಕೊಡುವುದಕ್ಕೆ ಎಕ್ಸ್‌ಪಿ ಸುಲಭ. ಇವು ಎರಡು ಬೇರೆ ಬೇರೆ ಗುಣಗಳು. ಹೋಲಿಸುವವರು ಸಾಮಾನ್ಯವಾಗಿ ಮೊದಲನೆಯದನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಾರೆ.

ತೀರ ಮುಂದುವರಿದ ಯಂತ್ರಗಳಲ್ಲೂ ಇದು ಬಗೆಹರಿದಿಲ್ಲ. 2011ರ ಕಾರ್ಗ್ ಕ್ರೋನಸ್ ಒಳಗೆ ಸಾಲಿಡ್ ಸ್ಟೇಟ್ ಡಿಸ್ಕ್ ಇದೆ, ಧ್ವನಿ ಅದ್ಭುತ. ಆದರೆ ಅದು ಎದ್ದು ನಿಲ್ಲುವುದಕ್ಕೆ ಎರಡು ನಿಮಿಷದ ಆಸುಪಾಸು ಹಿಡಿಯುತ್ತದೆ. ಎರಡು ನಿಮಿಷ ಮೌನವಾದ ವೇದಿಕೆಯ ಮುಂದೆ ಕೂತ ಜನ ಎದ್ದು ಊಟಕ್ಕೆ ಹೋಗಿರುತ್ತಾರೆ. ಇಂಥ ಯಂತ್ರ ಕೊಳ್ಳುವವರು ಕಂಪ್ಯೂಟರಿಗೆ ಹಾಕುವ ಸಣ್ಣ ಯುಪಿಎಸ್ ಒಂದನ್ನು ಅದೇ ದಿನ ಕೊಳ್ಳಬೇಕು. ಕೀಬೋರ್ಡಿನ ಬೆಲೆಯ ಮುಂದೆ ಅದರ ಬೆಲೆ ಏನೂ ಅಲ್ಲ. ಇನ್ನು ಬ್ಯಾಟರಿಯಲ್ಲಿ ನಡೆಯುವ ವರ್ಕ್‌ಸ್ಟೇಷನ್ ಬೇಕೆಂದರೆ ಕಾರ್ಗ್ ಕ್ರಾಸ್ ಇದೆ. ಆರು ಪೆನ್‌ಸೆಲ್ ಹಾಕಿದರೆ ಸಾಕು, 61 ಕೀಯದು ನಾಲ್ಕು ಕಿಲೋ ಚಿಲ್ಲರೆ ತೂಕ. ಮಾರಿಕುಪ್ಪಂನಲ್ಲಿ ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ಹೋಗುವ ಬೆಳಗಿನ ರೈಲಿನಲ್ಲಿ ಕೀಬೋರ್ಡ್ ಚೀಲ ಹೊತ್ತು ನಿಲ್ಲುವವರಿಗೆ ಈ ತೂಕದ ಅರ್ಥ ಗೊತ್ತು. 2001ರ ಫೆಬ್ರುವರಿ 28ರಂದು ಇಲ್ಲಿನ ಗಣಿಗಳನ್ನು ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಆ ರೈಲು ಸಾವಿರಾರು ಮನೆಗಳ ಅನ್ನದ ದಾರಿಯಾಗಿದೆ. ಸಂಗೀತಗಾರರೂ ಅದರಲ್ಲೇ ಹೋಗುತ್ತಾರೆ, ಕಚೇರಿ ಮುಗಿಸಿ ಅದರಲ್ಲೇ ವಾಪಸಾಗುತ್ತಾರೆ.

ಉಳಿಸುವುದರಲ್ಲಿ ಇನ್ನೊಂದು ಸಿಕ್ಕು ಇದೆ, ಹೊಸಬರು ಎಡವುವುದು ಇಲ್ಲೇ. ಕಾರ್ಗ್ ಯಂತ್ರಗಳಲ್ಲಿ ಟೋನ್‌ಗಳು, ಹಲವು ಟೋನ್ ಜೋಡಿಸಿದ ಕಾಂಬಿಗಳು ಪಿಸಿಜಿ ಎಂಬ ಫೈಲಿಗೆ ಹೋಗುತ್ತವೆ. ಹಾಡು ಎಸ್‌ಎನ್‌ಜಿ ಎಂಬ ಬೇರೆ ಫೈಲಿಗೆ. ನೀವೇ ಹದಮಾಡಿದ ಕೊಳಲಿನ ಟೋನ್ ಹಾಕಿ ಹಾಡು ಕಟ್ಟಿ ಎಸ್‌ಎನ್‌ಜಿ ಮಾತ್ರ ಉಳಿಸಿಕೊಂಡಿರಿ ಎನ್ನಿ. ಇನ್ನೊಬ್ಬರ ಟ್ರೈಟನ್ನಿನಲ್ಲಿ ಅದನ್ನು ತೆರೆದಾಗ ಸ್ವರಗಳೆಲ್ಲ ಸರಿಯಾಗಿ ಬರುತ್ತವೆ, ಕೊಳಲಿನ ಜಾಗದಲ್ಲಿ ಆ ಯಂತ್ರದ ಅದೇ ನಂಬರಿನಲ್ಲಿ ಕೂತಿರುವ ಬೇರೆ ಯಾವುದೋ ಟೋನ್ ಕೂಗುತ್ತದೆ. ಸ್ಯಾಂಪಲ್ ಬಳಸಿದ್ದರೆ ಕೆಎಸ್‌ಸಿ ಎಂಬ ಮೂರನೆಯದೂ ಬೇಕು. ಎಲ್ಲವನ್ನೂ ಒಟ್ಟಿಗೆ ಉಳಿಸುವ ಸೇವ್ ಆಲ್ ಆಜ್ಞೆ ಅದೇ ಮೆನುವಿನಲ್ಲಿದೆ. ಅದೊಂದನ್ನೇ ಬಳಸಿ ಎಂದು ಕಲಿಸುವವರು ಮೊದಲ ದಿನವೇ ಹೇಳಬೇಕು. ಜೊತೆಗೆ ರೈಟ್ ಗುಂಡಿ ಬೇರೆ, ಡಿಸ್ಕಿಗೆ ಸೇವ್ ಮಾಡುವುದು ಬೇರೆ. ರೈಟ್ ಒತ್ತಿದರೆ ಟೋನ್ ಕೀಬೋರ್ಡಿನೊಳಗೆ ಸೇರುತ್ತದೆ, ಹಾಡು ಸೇರುವುದಿಲ್ಲ. ಇದರ ಮೇಲೆ ಗ್ಲೋಬಲ್ ಪುಟದಲ್ಲಿ ಮೆಮೊರಿ ಪ್ರೊಟೆಕ್ಟ್ ಎಂಬ ಬೀಗ. ಅದು ಹಾಕಿದ್ದರೆ ಬರೆಯಲು ಹೋದಾಗ ಯಂತ್ರ ಒಪ್ಪುವುದಿಲ್ಲ. ತಪ್ಪಿ ಅಳಿಸಿಹೋಗದಿರಲಿ ಎಂದು ಇಟ್ಟ ಬೀಗವೇ ಬಾಡಿಗೆ ಕೀಬೋರ್ಡಿನ ಮುಂದೆ ಮೊದಲ ಬಾರಿ ಕೂತವರನ್ನು ಕಂಗಾಲು ಮಾಡುತ್ತದೆ.

ಯಮಹಾದ ಮನೆಬಳಕೆಯ ಪಿಎಸ್‌ಆರ್ ಕೀಬೋರ್ಡುಗಳು ಈ ವಿಷಯದಲ್ಲಿ ಎಷ್ಟೋ ಸರಳ. ಅವುಗಳಲ್ಲಿ ಹಲವದರಲ್ಲಿ ಐದು ಯೂಸರ್ ಸಾಂಗ್ ಸ್ಥಾನಗಳಿರುತ್ತವೆ. ರೆಕಾರ್ಡ್ ನಿಲ್ಲಿಸಿದ ಕೂಡಲೇ ಯಂತ್ರ ತಾನೇ ಬರೆದಿಟ್ಟುಕೊಳ್ಳುತ್ತದೆ, ಬರೆಯುತ್ತಿದ್ದೇನೆ ಎಂದು ಪರದೆಯ ಮೇಲೆ ತೋರಿಸುತ್ತದೆ, ಆಗ ಸ್ವಿಚ್ ಮುಟ್ಟಬಾರದು ಅಷ್ಟೇ. ಹಾಡುಗಳ ಸಂಖ್ಯೆ ಕಡಿಮೆ, ತಿದ್ದುವ ಅವಕಾಶ ಕಡಿಮೆ. ಆದರೆ ಕಲಿಯುವ ಹುಡುಗಿ ನುಡಿಸಿದ್ದು ಮರುದಿನವೂ ಇರುತ್ತದೆ. ಇಂಥ ಭರವಸೆಯನ್ನು ಐದು ಪಟ್ಟು ಬೆಲೆಯ ಯಂತ್ರಗಳು ಯಾಕೆ ಕೊಡಲಿಲ್ಲ ಎಂದು ಕೇಳುವ ಹಕ್ಕು ಕೊಂಡವರಿಗೆಲ್ಲ ಇದೆ. ಆಗಿನ ನೆನಪಿನ ಚಿಪ್ಪುಗಳ ಬೆಲೆ ಒಂದು ಕಾರಣ. ಎರಡು ಲಕ್ಷ ಸ್ವರಗಳನ್ನು ಕರೆಂಟಿಲ್ಲದೆ ಹಿಡಿದಿಡುವುದು 1999ರಲ್ಲಿ ದುಬಾರಿಯೇ. 2010ರ ನಂತರ ಆ ಕಾರಣ ಉಳಿದಿಲ್ಲ.

ಇನ್ನು ರೆಕಾರ್ಡ್ ಮಾಡುವ ವಿಧಾನ. ಇಲ್ಲಿ ಎರಡು ಮನೆತನಗಳಿವೆ. ಮೊದಲಿಂದ ಕೊನೆಯವರೆಗೆ ಟೇಪಿನ ಹಾಗೆ ನುಡಿಸುತ್ತ ಹೋಗುವುದು ಒಂದು. ನಾಲ್ಕೋ ಎಂಟೋ ಬಾರಿನ ತುಂಡುಗಳನ್ನು ಕಟ್ಟಿ, ಬೇಕಾದಾಗ ಬೇಕಾದ ತುಂಡನ್ನು ಕರೆಯುವುದು ಇನ್ನೊಂದು. ಮೊದಲನೆಯದು ಹಾಡಿನ ಬಿಜಿಎಂ ಅನ್ನು, ಅಂದರೆ ಸಾಲುಗಳ ನಡುವಿನ ವಾದ್ಯಸಂಗೀತವನ್ನು, ಇದ್ದ ಹಾಗೇ ಇಳಿಸುವುದಕ್ಕೆ ಒಳ್ಳೆಯದು. ಆದರೆ ನಮ್ಮ ವೇದಿಕೆಯ ಹಾಡು ಕ್ಯಾಸೆಟ್ಟಿನ ಹಾಡಲ್ಲ. ಜನ ಕುಣಿಯಲು ಎದ್ದರೆ ಹಾಡುಗಾರ ಪಲ್ಲವಿಯನ್ನು ನಾಲ್ಕು ಸಲ ಎಳೆಯುತ್ತಾನೆ. ವರನ ಮಾವ ವೇದಿಕೆ ಹತ್ತಿ ಮೈಕು ಹಿಡಿದರೆ ಚರಣ ಯಾವಾಗ ಶುರುವಾಗುತ್ತದೆ ಎಂದು ಹೇಳಲಾಗದು. ಉದ್ದಕ್ಕೆ ರೆಕಾರ್ಡ್ ಮಾಡಿದ ಸೀಕ್ವೆನ್ಸ್ ಯಾರನ್ನೂ ಕಾಯುವುದಿಲ್ಲ, ತಾನು ಮುಂದಿನ ಬಿಜಿಎಂಗೆ ಹೋಗಿಬಿಡುತ್ತದೆ.

ಆದ್ದರಿಂದ ತುಂಡುಗಳ ದಾರಿಯೇ ನಮಗೆ ಹೊಂದುವಂಥದ್ದು ಎಂದು ನನ್ನ ಖಚಿತ ಅಭಿಪ್ರಾಯ. ರೋಲೆಂಡ್ ಎಕ್ಸ್‌ಪಿ ಸರಣಿಯಲ್ಲಿ ಇದಕ್ಕೆ ಆರ್‌ಪಿಎಸ್ ಎನ್ನುತ್ತಾರೆ, ಕಾರ್ಗಿನಲ್ಲಿ ಆರ್‌ಪಿಪಿಆರ್. ಒಂದೊಂದು ಕೀಗೆ ಒಂದೊಂದು ಪ್ಯಾಟರ್ನ್ ಕಟ್ಟಿಟ್ಟರೆ ಎಡಗೈಯ ಒಂದು ಬೆರಳು ತಬಲಾ, ಬಾಸ್ ಎಲ್ಲವನ್ನೂ ಎಬ್ಬಿಸುತ್ತದೆ. ಪಲ್ಲವಿ ಎಷ್ಟು ಎಳೆದರೂ ಪ್ಯಾಟರ್ನ್ ತಿರುಗುತ್ತಲೇ ಇರುತ್ತದೆ. ಮೋಟಿಫಿನಲ್ಲಿ ಪ್ಯಾಟರ್ನ್ ಮೋಡ್ ಬೇರೆಯೇ ಇದ್ದು, ಹದಿನಾರು ಸೆಕ್ಷನ್‌ಗಳಾಗಿ ಹಾಡನ್ನು ಕತ್ತರಿಸಿಟ್ಟುಕೊಂಡು ನಂತರ ಸರಪಳಿ ಮಾಡಬಹುದು. ನನ್ನ ಕಣ್ಣಿಗೆ ಹಾಡಿನ ಅಂಗಗಳನ್ನು ಹಾಗೇ ಒಪ್ಪಿಕೊಳ್ಳುವ ವಿನ್ಯಾಸ ಅದೇ: ಎ ಎಂದರೆ ಪಲ್ಲವಿ, ಬಿ ಎಂದರೆ ಮೊದಲ ಬಿಜಿಎಂ, ಸಿ ಎಂದರೆ ಚರಣ. 2014ರ ರೋಲೆಂಡ್ ಎಫ್‌ಎ-06, ಎಫ್‌ಎ-08 ನಿಲ್ಲಿಸದೆ ಸುತ್ತುತ್ತಲೇ ಒಂದರ ಮೇಲೊಂದು ಟ್ರ್ಯಾಕ್ ಸೇರಿಸುವ ಲೂಪ್ ರೆಕಾರ್ಡಿಂಗನ್ನು ಮುಂದೆ ತಂದವು. ಕಲಿಯುವವರಿಗೆ ಅಷ್ಟು ಬೇಗ ಕೈಹತ್ತುವ ಸೀಕ್ವೆನ್ಸರ್ ನನಗೆ ಬೇರೆ ತೋರಿಲ್ಲ.

ರೆಕಾರ್ಡಿಂಗ್ ಶುರು ಮಾಡುವ ಮುನ್ನದ ತಯಾರಿಯಲ್ಲೂ ಅಂತರವಿದೆ. ಟ್ರೈಟನ್ನಿನಲ್ಲಿ ಇಷ್ಟವಾದ ಕಾಂಬಿಯನ್ನು ಹಾಡಿಗೆ ತರಬೇಕಾದರೆ ಸೀಕ್ವೆನ್ಸರ್ ಮೆನುವಿಗೆ ಹೋಗಿ ಕಾಪಿ ಫ್ರಮ್ ಕಾಂಬಿ ಹುಡುಕಿ, ಆಮೇಲೆ ಮಿಡಿ ಚಾನಲ್‌ಗಳನ್ನು ಸರಿಮಾಡಿಕೊಳ್ಳಬೇಕಿತ್ತು. ನಂತರದ ಕಾರ್ಗ್ ಎಂ3, ಎಂ50ರಲ್ಲಿ ಆಟೋ ಸಾಂಗ್ ಸೆಟಪ್ ಬಂತು. ಎಂಟರ್ ಹಿಡಿದು ರೆಕ್ ಒತ್ತಿದರೆ ಅದೆಲ್ಲ ತಾನೇ ಆಗುತ್ತದೆ. ಇದು ನಿಜವಾದ ಸುಧಾರಣೆ.

ತಾಳದ ಸೂಕ್ಷ್ಮಕ್ಕೆ ಬಂದರೆ, ಒಂದು ಕ್ವಾರ್ಟರ್ ನೋಟನ್ನು ಎಂ1 48 ತುಂಡು ಮಾಡುತ್ತಿತ್ತು, ಎಕ್ಸ್‌ಪಿ 96, ಟ್ರೈಟನ್ 192, ಮೋಟಿಫ್ 480. ಡ್ರಮ್ ಮೆಷಿನ್ನಿನಂತೆ ಗಟ್ಟಿ ಗಟ್ಟಿ ಬೀಳುವ ಬೀಟಿಗೆ 96 ಧಾರಾಳ. ಢೋಲಕಿನ ತೂಗಾಟ, ತಮಟೆಯ ಪೆಟ್ಟು ತುಸು ಹಿಂದೆ ಬೀಳುವ ಸೊಗಸು ಉಳಿಯಬೇಕಾದರೆ ಹೆಚ್ಚಿನ ಸೀಳು ಬೇಕು, ಸ್ವರಗಳನ್ನು ತಾಳದ ಗೆರೆಗೆ ಎಳೆದು ಕೂರಿಸುವ ಕ್ವಾಂಟೈಸನ್ನು ದೂರ ಇಡಬೇಕು.

ಈ ಕಷ್ಟಗಳ ನಡುವೆ ಅರೇಂಜರ್ ಕೀಬೋರ್ಡುಗಳು ಬಂದು ವೇದಿಕೆಯನ್ನು ಹೆಚ್ಚು ಕಡಿಮೆ ಗೆದ್ದುಕೊಂಡವು. ಇವು ವರ್ಕ್‌ಸ್ಟೇಷನ್ ಅಲ್ಲ ಎಂದು ಶುದ್ಧವಾದಿಗಳು ಹೇಳಬಹುದು. ಆದರೆ ಇವುಗಳ ಸಿದ್ಧ ಹಿನ್ನೆಲೆಯಾದ ಸ್ಟೈಲ್ ಎನ್ನುವುದೂ ತುಂಡುಗಳ ಸೀಕ್ವೆನ್ಸೇ: ಇಂಟ್ರೋ, ವೇರಿಯೇಷನ್, ಫಿಲ್, ಎಂಡಿಂಗ್. ಎಡಗೈ ಕಾರ್ಡ್ ಹಿಡಿದರೆ ಇಡೀ ತಂಡ ಆ ಕಾರ್ಡಿಗೆ ತಿರುಗುತ್ತದೆ. ಕಾರ್ಗ್ ಪಿಎ50 ಮೊದಲು ಫ್ಲಾಪಿಯೊಡನೆ ಬಂದು, ಆಮೇಲೆ ಅದರ ಎಸ್‌ಡಿ ಕಾರ್ಡ್ ಆವೃತ್ತಿಯೂ ಬಂತು. ಪಿಎ ಸರಣಿಯ ಸಾಂಗ್‌ಬುಕ್ ಎಂಬ ಪಟ್ಟಿಯಲ್ಲಿ ಹಾಡಿನ ಹೆಸರು ಆರಿಸಿದರೆ ಅದಕ್ಕೆ ಕಟ್ಟಿಟ್ಟ ಸ್ಟೈಲ್, ಟೆಂಪೊ, ಟೋನ್ ಎಲ್ಲ ಒಟ್ಟಿಗೆ ಎದ್ದು ನಿಲ್ಲುತ್ತವೆ. ಉಳಿಸುವುದಕ್ಕೆ ಎಸ್‌ಇಟಿ ಎಂಬ ಒಂದೇ ಫೋಲ್ಡರ್. ಚೀಟಿಗೆ ಉತ್ತರ ಕೊಡುವ ವಿಷಯದಲ್ಲಿ ಇದಕ್ಕೆ ಸಮನಾದ್ದು ವರ್ಕ್‌ಸ್ಟೇಷನ್‌ಗಳಲ್ಲಿ ಇರಲಿಲ್ಲ. ಭಾರತಕ್ಕೆಂದೇ ಮಾಡಿದ ಯಂತ್ರಗಳೂ ಬಂದವು. ಯಮಹಾ ಪಿಎಸ್‌ಆರ್-ಐ ಸರಣಿಯಲ್ಲಿ ತಂಬೂರಿ, ತಬಲಾ ಜೊತೆಗೂಡುವ ರಿಯಾಜ್ ಸೌಲಭ್ಯವಿದೆ. ಕ್ಯಾಸಿಯೋ ತನ್ನ ಮಾದರಿಗಳ ಹೆಸರಿನ ಕೊನೆಗೆ ಐಎನ್ ಸೇರಿಸಿ ನಮ್ಮ ಟೋನ್‌ಗಳನ್ನು ಹಾಕಿಕೊಟ್ಟಿತು. ರೋಲೆಂಡ್ ಎಕ್ಸ್‌ಪಿಎಸ್-10 ನಮ್ಮದೇ ಸ್ಯಾಂಪಲ್‌ಗಳನ್ನು ಒಳಗೆ ಹಾಕಿಕೊಳ್ಳಲು ಅವಕಾಶ ಕೊಟ್ಟಿತು.

ಅರೇಂಜರಿನ ಕೊರತೆಯನ್ನೂ ಹೇಳಬೇಕು. ಒಂದೇ ಸ್ಟೈಲಿನಲ್ಲಿ ಹತ್ತು ಹಾಡು ಹಾಡಿದರೆ ಹತ್ತೂ ಒಂದೇ ಹಾಡಿನಂತೆ ಕೇಳುತ್ತವೆ. ಹಂಸಲೇಖ ಅವರ ಅಥವಾ ಇಳಯರಾಜ ಅವರ ಹಾಡುಗಳಲ್ಲಿ ಬಿಜಿಎಂ ಎಂಬುದು ಹಾಡಿನ ಅರ್ಧ ಪ್ರಾಣ. ಗಣಿ ಊರಿನ ಕೇಳುಗರಿಗೆ ಆ ಬಿಜಿಎಂ ಸ್ವರಸ್ವರವೂ ಬಾಯಿಪಾಠ, ತಪ್ಪಿದರೆ ಮುಂದಿನ ಸಾಲಿನವರು ಕೂಗಿ ಹೇಳುತ್ತಾರೆ. ಅಲ್ಲಿ ಸ್ಟೈಲ್ ಸಾಲದು, ಕೂತು ಸೀಕ್ವೆನ್ಸ್ ಕಟ್ಟಲೇಬೇಕು.

ಚರ್ಚುಗಳ ಬೇಡಿಕೆ ಬೇರೆ. ಇಲ್ಲಿನ ಕ್ವಾಯರ್‌ಗಳಲ್ಲಿ ನುಡಿಸುವವರಿಗೆ ಸೀಕ್ವೆನ್ಸರಿನ ಹಂಗಿಲ್ಲ. ಆರ್ಗನ್, ಸ್ಟ್ರಿಂಗ್ಸ್, ಪಿಯಾನೋ ಒಂದೊಂದು ಗುಂಡಿಯಲ್ಲಿ ಬರಬೇಕು, ಹಾಡುವವರ ಶ್ರುತಿಗೆ ಟ್ರಾನ್ಸ್‌ಪೋಸ್ ಆಗಬೇಕು. ಪಿಎಸ್‌ಆರ್‌ನ ರಿಜಿಸ್ಟ್ರೇಷನ್ ಮೆಮೊರಿ ಅದಕ್ಕೆ ಸಾಕು. ಡಿಸೆಂಬರಿನಲ್ಲಿ ಮನೆಮನೆಗೆ ಕ್ಯಾರಲ್ ಹೋಗುವಾಗ ಆರು ಸೆಲ್ ಹಾಕಿಕೊಂಡು ಹೊರಡಬಹುದು.

ಹೆಸರಿಡುವುದು ಸಣ್ಣ ವಿಷಯವೆಂದು ತೋರಬಹುದು. ಫ್ಲಾಪಿ ಕಾಲದ ಯಂತ್ರಗಳಲ್ಲಿ ಫೈಲಿನ ಹೆಸರಿಗೆ ಎಂಟೇ ಅಕ್ಷರ, ಅದೂ ಇಂಗ್ಲಿಷಿನ ದೊಡ್ಡಕ್ಷರ. ನಾಲ್ಕು ಭಾಷೆಯ ಇನ್ನೂರು ಹಾಡನ್ನು ಎಂಟಕ್ಷರದಲ್ಲಿ ಗುರುತಿಸಬೇಕು. ಮೊದಲ ಅಕ್ಷರ ಭಾಷೆಗೆ, ನಂತರದ ಎರಡು ಶ್ರುತಿಗೆ, ಉಳಿದ ಐದು ಹಾಡಿಗೆ ಎಂದು ಹಂಚಿಕೊಳ್ಳುವುದು ಒಳ್ಳೆಯ ಕ್ರಮ. ಪಟ್ಟಿ ಅಕಾರಾದಿಯಲ್ಲಿ ಬಂದಾಗ ಕನ್ನಡದವೆಲ್ಲ ಒಂದು ಕಡೆ, ತಮಿಳಿನವೆಲ್ಲ ಒಂದು ಕಡೆ ಕೂರುತ್ತವೆ. ಹೊಸ ಯಂತ್ರಗಳಲ್ಲಿ ಉದ್ದ ಹೆಸರು ಬರೆಯಬಹುದು, ಕನ್ನಡ ಲಿಪಿ ಮಾತ್ರ ನಾನು ನೋಡಿದ ಯಾವ ವರ್ಕ್‌ಸ್ಟೇಷನ್ನಿನ ಪರದೆಯ ಮೇಲೂ ಮೂಡಿಲ್ಲ.

ಬೆಂಗಳೂರಿನ ಕಾರ್ಯಕ್ರಮಗಳಲ್ಲಿ ಕೀಬೋರ್ಡ್ ಎಷ್ಟೋ ಸಲ ಸೌಂಡ್ಸ್‌ನವರಿಂದ ಬಾಡಿಗೆಗೆ ಬಂದದ್ದು. ನುಡಿಸುವವರು ಜೇಬಿನಲ್ಲಿ ಪೆನ್‌ಡ್ರೈವ್ ಇಟ್ಟುಕೊಂಡು ಹೋಗುತ್ತಾರೆ. ಆಗ ಕಂಪನಿ ಕಂಪನಿಯ ಫೈಲುಗಳ ನಡುವಿನ ಗೋಡೆ ಎದುರಾಗುತ್ತದೆ. ಟ್ರೈಟನ್ನಿನ ಹಾಡನ್ನು ಮೋಟಿಫ್ ಓದುವುದಿಲ್ಲ. ಎಲ್ಲಕ್ಕೂ ಸಾಮಾನ್ಯವಾದದ್ದು ಸ್ಟ್ಯಾಂಡರ್ಡ್ ಮಿಡಿ ಫೈಲ್. ಅದನ್ನು ಯಾವುದರಲ್ಲಿ ಹಾಕಿದರೂ ಸ್ವರಗಳು ಬರುತ್ತವೆ, ಟೋನ್ ಮಾತ್ರ ಆಯಾ ಯಂತ್ರದ್ದು. 1991ರ ಜನರಲ್ ಮಿಡಿ 128 ಟೋನ್‌ಗಳಿಗೆ ಜಗತ್ತಿಗೆಲ್ಲ ಒಂದೇ ನಂಬರು ಕೊಟ್ಟಿತು. ಅದರಲ್ಲಿ 105ಕ್ಕೆ ಸಿತಾರ್ ಇದೆ, 112ಕ್ಕೆ ಶಹನಾಯಿ ಇದೆ. ನಾದಸ್ವರ ಇಲ್ಲ, ವೀಣೆ ಇಲ್ಲ. ಮೃದಂಗ, ತಬಲಾ, ತವಿಲು ಡ್ರಮ್ ಪಟ್ಟಿಯಲ್ಲಿ ಇಲ್ಲವೇ ಇಲ್ಲ. ಬೋಂಗೊ, ಕಾಂಗಾ ಇವೆ. ಹೀಗಾಗಿ ನಮ್ಮ ತಾಳದ ಟ್ರ್ಯಾಕುಗಳೇ ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವಾಗ ಮೊದಲು ಕೆಡುತ್ತವೆ. ಆ ಟ್ರ್ಯಾಕುಗಳನ್ನಷ್ಟೇ ಆಡಿಯೋ ಲೂಪ್ ಮಾಡಿ ಇಟ್ಟುಕೊಂಡು, ಉಳಿದದ್ದನ್ನು ಮಿಡಿಯಲ್ಲಿ ಒಯ್ಯುವುದು ಈಗಿರುವ ಒಳ್ಳೆಯ ಉಪಾಯ. ಎಫ್‌ಎ ಸರಣಿಯಲ್ಲಿ ಟ್ರ್ಯಾಕುಗಳನ್ನು ಒಂದೊಂದಾಗಿ ವೇವ್ ಫೈಲುಗಳಾಗಿ ಎಸ್‌ಡಿ ಕಾರ್ಡಿಗೆ ಹೊರತೆಗೆಯುವ ಸೌಲಭ್ಯ ಇದ್ದುದರಿಂದ ಈ ಕೆಲಸ ಹಗುರಾಯಿತು.

ಈಗ ಬಹಳಷ್ಟು ಯುವಕರು ಲ್ಯಾಪ್‌ಟಾಪಿನಲ್ಲಿ ಕಟ್ಟುತ್ತಾರೆ. ಪರದೆ ದೊಡ್ಡದು, ತಿದ್ದುವುದು ಸಲೀಸು, ಬ್ಯಾಟರಿ ಒಳಗೇ ಇದೆ, ತಾನಾಗಿ ಉಳಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಸೀಕ್ವೆನ್ಸ್ ಕಟ್ಟುವ ಸುಲಭದಲ್ಲಿ ಯಾವ ಕೀಬೋರ್ಡೂ ಅದರ ಸಮಕ್ಕೆ ನಿಲ್ಲದು. ಯಮಹಾ ಕೂಡ 2016ರ ಮಾಂಟಾಜ್‌ನಲ್ಲಿ ಮೋಟಿಫಿನ ಪೂರ್ಣ ಸೀಕ್ವೆನ್ಸರನ್ನು ಕೈಬಿಟ್ಟಿತು. ವೇದಿಕೆಯಲ್ಲಿ ನುಡಿಸುವ ಬದಲು, ಹಾಡುವ ದನಿ ಬಿಟ್ಟು ಉಳಿದದ್ದೆಲ್ಲ ಇರುವ ಮೈನಸ್ ಟ್ರ್ಯಾಕ್ ಹಾಕಿ ಹಾಡಿಸುವುದೂ ಹೆಚ್ಚಿದೆ. ಆದರೆ ಮೈನಸ್ ಟ್ರ್ಯಾಕಿಗೆ ಪಲ್ಲವಿಯನ್ನು ಎಳೆಯಲು ಬರುವುದಿಲ್ಲ, ಶ್ರುತಿಯನ್ನು ಕೊನೆಯ ಗಳಿಗೆಯಲ್ಲಿ ಬದಲಾಯಿಸಿದರೆ ಧ್ವನಿ ಕೆಡುತ್ತದೆ, ನುಡಿಸುವವರ ಕೂಲಿಯೂ ಹೋಗುತ್ತದೆ. ಮಿಡಿ ಸೀಕ್ವೆನ್ಸಿನಲ್ಲಿ ಎರಡು ಮನೆ ಶ್ರುತಿ ಇಳಿಸುವುದು ಒಂದು ಗುಂಡಿಯ ಕೆಲಸ. ಮಹಿಳೆ ಹಾಡಬೇಕಿದ್ದ ಹಾಡಿಗೆ ಪುರುಷ ಎದ್ದು ನಿಂತಾಗ ಆ ಗುಂಡಿಯ ಬೆಲೆ ತಿಳಿಯುತ್ತದೆ.

ತುರ್ತಾಗಿ ಆಗಬೇಕಾದದ್ದು ಹಳೆಯ ಫ್ಲಾಪಿಗಳ ಕೆಲಸ. ಎಕ್ಸ್‌ಪಿ, ಟ್ರೈಟನ್ ಕಾಲದಲ್ಲಿ ಕಟ್ಟಿದ ಹಾಡುಗಳು ಈ ಊರುಗಳ ಮನೆಗಳಲ್ಲಿ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಕೂತಿವೆ. ಜಪಾನಿನಲ್ಲಿ ಸೋನಿ ಫ್ಲಾಪಿ ಮಾರಾಟ ನಿಲ್ಲಿಸಿದ್ದು 2011ರಲ್ಲಿ. ಧೂಳು, ತೇವ, ಸ್ಪೀಕರಿನ ಅಯಸ್ಕಾಂತ ಅವನ್ನು ದಿನೇ ದಿನೇ ತಿನ್ನುತ್ತವೆ. ಡ್ರೈವ್ ಕೆಟ್ಟಿದ್ದರೆ ಅದೇ ಜಾಗದಲ್ಲಿ ಪೆನ್‌ಡ್ರೈವ್ ಹಾಕುವ ಎಮ್ಯುಲೇಟರ್ ಕೂರಿಸಬಹುದು, ಆದರೆ ಹಳೆಯ ಫ್ಲಾಪಿ ಓದಲು ನಡೆಯುವ ಡ್ರೈವ್ ಒಂದು ಬೇಕೇ ಬೇಕು. ಹಾಗಾಗಿ ಡ್ರೈವ್ ಬಿಚ್ಚಿಸುವ ಮೊದಲು ಪ್ರತಿ ಹಾಡನ್ನೂ ಯಂತ್ರಕ್ಕೆ ತುಂಬಿ, ಸ್ಟ್ಯಾಂಡರ್ಡ್ ಮಿಡಿ ಫೈಲಾಗಿ ಇನ್ನೊಮ್ಮೆ ಉಳಿಸಿ. ಫಾರ್ಮ್ಯಾಟ್ ಕೇಳಿದರೆ 1 ಎಂದು ಕೊಡಿ, ಟ್ರ್ಯಾಕುಗಳು ಬೇರೆ ಬೇರೆಯಾಗಿ ಉಳಿಯುತ್ತವೆ. ಪ್ರತಿ ಟ್ರ್ಯಾಕಿಗೆ ಹಾಕಿದ ಟೋನಿನ ಹೆಸರು, ಬ್ಯಾಂಕು, ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಯಂತ್ರ ಕೈಬಿಟ್ಟ ದಿನ ಆ ಹಾಡನ್ನು ಇನ್ನೊಂದರಲ್ಲಿ ಎಬ್ಬಿಸಲು ಬೇಕಾಗುವ ಮಾಹಿತಿ ಇಷ್ಟೇ.